ಕೋಳಿಯ ಪೂರ್ವಾಪರ

ಡ್ವೇನ್ ಪಿಲ್ಕಿ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಅವನನ್ನು ಕಳ್ಳ, ಕೊಲೆಗಾರ, ಅದಕ್ಕಿಂತ ಕಡೆಯವನು ಎಂದೆಲ್ಲ ಅನುಮಾನಿಸುವ ಜನ ಬರುತ್ತಾರೆ. ಅಮೆರಿಕದ ಬೆಲಿಂಗ್‌ಹ್ಯಾಮ್ ಎಂಬ ಊರಿನ ಹಾಸಿಗೆ ಅಂಗಡಿಯೊಂದರಲ್ಲಿ ಅವನಿಗೆ ಕೆಲಸ. ಗಿರಾಕಿಗಳ ಎದುರು ಹಾಸಿಗೆಯ ಮೇಲೆ ಮಲಗಿ, ಅದು ಎಷ್ಟು ಸುಖವಾಗಿದೆ ಎಂದು ತೋರಿಸುವುದು ಅವನ ಕಸುಬು. ಆ ಕಸುಬಿನಲ್ಲಿ ಅವನನ್ನು ಮೀರಿಸುವವರು ಊರಲ್ಲಿರಲಿಲ್ಲ. ತೊಂದರೆ ಏನೆಂದರೆ, ಗಿರಾಕಿ ಹೊರಟುಹೋದ ಮೇಲೂ ಕೆಲವೊಮ್ಮೆ ಅವನು ಏಳುತ್ತಿರಲಿಲ್ಲ.

ಆ ಶನಿವಾರವೂ ಹಾಗೇ ಆಯಿತು. ಬೇರೆ ದಿನವಾಗಿದ್ದರೆ ನಡೆಯುತ್ತಿತ್ತು. ಆದರೆ ಅಂದು ಸಂಜೆ ಅವನ ಮನೆಗೆ ‘ಅರಿತು ಉಣ್ಣುವವರ ಬಳಗ’ ಊಟಕ್ಕೆ ಬರುವುದಿತ್ತು.

ಈ ಬಳಗ ಅವರ ಬೀದಿಯದೇ. ತಿಂಗಳಿಗೊಬ್ಬರ ಮನೆಯಲ್ಲಿ ಊಟ. ನಿಯಮ ಒಂದೇ: ಮೇಜಿನ ಮೇಲೆ ಏನೇ ಇರಲಿ, ತುತ್ತು ಬಾಯಿಗೆ ಹೋಗುವ ಮೊದಲು ಮನೆಯವರು ಎದ್ದು ನಿಂತು ಅದರ ಪೂರ್ವಾಪರ ಹೇಳಬೇಕು. ಆಲೂಗಡ್ಡೆ ಯಾವ ಹೊಲದ್ದು, ಅಗೆದವರಿಗೆ ಕೂಲಿ ಸರಿಯಾಗಿ ಸಿಕ್ಕಿತೇ, ಬೆಣ್ಣೆ ಕೊಟ್ಟ ಹಸು ನೆಮ್ಮದಿಯಾಗಿತ್ತೇ, ಎಲ್ಲವನ್ನೂ. ಹಿಂದೊಮ್ಮೆ ಒಂದು ಹಸುವಿನ ನೆಮ್ಮದಿಯ ಬಗ್ಗೆ ಸಂದೇಹ ಬಂದು, ಚೆನ್ನಾಗಿಯೇ ಇದ್ದ ಸೇಬಿನ ಪೈ ಇಡಿಯಾಗಿ ಗೊಬ್ಬರದ ಗುಂಡಿಗೆ ಹೋದದ್ದುಂಟು. ಹೊಸಬರು ಒಂದು ಸಲ ಊಟ ಹಾಕಿ ಪಾಸಾದರೆ ಬಳಗದವರು. ಫೇಲಾದರೆ ಬೀದಿಯಲ್ಲಿ ಸಿಕ್ಕಾಗ ಕೈಯೆತ್ತಿ ನಗುವಷ್ಟೇ ಸಂಬಂಧ.

ಡ್ವೇನನಿಗೆ ಆ ನಗುವೇ ಸಾಕಾಗಿತ್ತು. ಅವನ ಹೆಂಡತಿ ಮಾರ್ಲಿಸಳಿಗೆ ಸಾಕಾಗಿರಲಿಲ್ಲ. ದೂರದ ಸ್ಪೋಕೇನ್ ಊರಿನಿಂದ ಬಂದು ವರ್ಷವಾಗುತ್ತ ಬಂದರೂ ಅವಳಿಗೆ ಒಬ್ಬ ಗೆಳತಿ ಇರಲಿಲ್ಲ. ಹಲ್ಲಿನ ಡಾಕ್ಟರೊಬ್ಬರ ಬಿಲ್ಲುಗಳನ್ನು ಮನೆಯಲ್ಲೇ ಕೂತು ಬರೆಯುತ್ತಿದ್ದಳು. ದಿನಕ್ಕೊಮ್ಮೆ ಪಾರ್ಸೆಲ್ ತರುವವನೊಡನೆ ಮಾತಾಡುತ್ತಿದ್ದಳು. ಪಾರ್ಸೆಲ್ಲಿನವನ ಅತ್ತೆಯ ಮಂಡಿನೋವಿನ ತನಕ ಅವಳಿಗೆ ಗೊತ್ತಿತ್ತು. ಹಿಂದಿನ ವಾರ ಅವನೂ ಬೇರೆ ಬೀದಿಗೆ ವರ್ಗವಾಗಿ ಹೋದಾಗ, ಅವಳು ಕಿಟಕಿಯ ಬಳಿ ಕೂತು ಅತ್ತದ್ದನ್ನು ಡ್ವೇನ್ ನೋಡಿದ್ದ. ನೋಡಿ ಅವನಿಗೆ ನಿಜವಾಗಿಯೂ ಸಂಕಟವಾಗಿತ್ತು. ಆದ್ದರಿಂದ ಈ ಊಟ ಅವನಿಗೆ ಬರೀ ಊಟವಾಗಿರಲಿಲ್ಲ.

ಕೋಳಿಗೆ ಹೇಗನ್ ಎಂಬ ರೈತನಲ್ಲಿ ಹೇಳಿಟ್ಟಿದ್ದ. ಹುಲ್ಲಿನ ಮೇಲೆ ಓಡಾಡಿ, ಹುಳಹುಪ್ಪಟೆ ಹೆಕ್ಕಿ, ಬದುಕಿನಲ್ಲಿ ಯಾವ ಕೊರತೆಯೂ ಇಲ್ಲದೆ ಬೆಳೆದ ಕೋಳಿ. ಶನಿವಾರದ ರೈತರ ಸಂತೆ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಡ್ವೇನ್ ಹೊಸ ಮಾದರಿಯ ಹಾಸಿಗೆಯಿಂದ ಎದ್ದು ಓಡಿ ಬರುವಷ್ಟರಲ್ಲಿ ಅಲ್ಲಿ ಡೇರೆ ಸುತ್ತುತ್ತಿದ್ದ ಒಬ್ಬನ ಹೊರತು ಯಾರೂ ಇರಲಿಲ್ಲ.

“ಹೇಗನ್ನಾ? ಆಗಲೇ ಹೋದ ಮಾರಾಯ. ನಿನ್ನ ಕೋಳೀನ ಬೇರೆ ಯಾರಿಗೋ ಕೊಟ್ಟ.”

ಡ್ವೇನ್ ಕಾರಿಗೆ ಓಡಿದ. ಅರ್ಧ ಗಂಟೆಯ ನಂತರ ಅವನು ಊರಾಚೆಯ ದೊಡ್ಡ ಸೂಪರ್ ಮಾರ್ಕೆಟ್ಟಿನಲ್ಲಿ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ನಿಂತಿದ್ದ. ಗಾಜಿನ ಪೆಟ್ಟಿಗೆಯೊಳಗೆ ಕೋಳಿಗಳು ಸಾಲಾಗಿ ಗರಗರ ಸುತ್ತುತ್ತ ಬೇಯುತ್ತಿದ್ದವು. ಅವಕ್ಕೆ ಪೂರ್ವಾಪರವೇ ಇರಲಿಲ್ಲ. ಪರಿಮಳ ಮಾತ್ರ ಬಾಯಲ್ಲಿ ನೀರೂರಿಸುವಂತಿತ್ತು.

ಮನೆಗೆ ಬಂದವನೇ ಕೋಳಿಯನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ಹೆಂಡತಿಗೆ ಹೇಳಿದ: “ಮಾರ್ಲಿಸ್, ಇವತ್ತು ಕೋಳಿ ನನ್ನ ಪಾಲಿಗೆ ಬಿಡು. ನೀನು ಹೋಗಿ ಹಾಯಾಗಿ ಬಿಸಿನೀರಲ್ಲಿ ಸ್ನಾನ ಮಾಡು.”

ಮಾರ್ಲಿಸ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಮದುವೆಯಾದಾಗಿಂದ ನೀನು ಒಂದು ಮೊಟ್ಟೆ ಬೇಯಿಸಿದವನಲ್ಲ. ಏನು ವಿಷಯ?”

“ಪ್ರೀತಿ.”

“ಹ್ಞೂಂ,” ಎಂದು ಅವಳು ಮೆಟ್ಟಿಲು ಹತ್ತಿದಳು. ಪೂರ್ತಿ ನಂಬಿದ ಹ್ಞೂಂ ಅದಾಗಿರಲಿಲ್ಲ.

ಕೋಳಿ ತಟ್ಟೆಗೆ ಬಂತು, ಬೆಣ್ಣೆ ಸವರಿಸಿಕೊಂಡಿತು, ಓವನ್ನಿನೊಳಗೆ ಹೋಗಿ ಮನೆಯದೇ ಕೋಳಿಯಂತೆ ಕೂತಿತು. ಉಳಿದದ್ದು ಅದು ಬಂದ ಪ್ಲಾಸ್ಟಿಕ್ ಡಬ್ಬಿ: ಕೆಳಗೆ ಕರಿಯ ತಟ್ಟೆ, ಮೇಲೆ ಗುಮ್ಮಟದಂಥ ಪಾರದರ್ಶಕ ಮುಚ್ಚಳ. ಇದನ್ನು ತಮ್ಮ ಕಸದ ತೊಟ್ಟಿಗೆ ಹಾಕುವಂತಿರಲಿಲ್ಲ. ಏಕೆಂದರೆ ಪಕ್ಕದ ಮನೆಯ ಹಲ್ಡಾ ಥಾರ್ಸನ್, ಕೆನಡಾ ಗಡಿಯಲ್ಲಿ ಜನರ ಕಾರಿನ ಡಿಕ್ಕಿ ತೆಗೆಸಿ ನೋಡುವುದರಲ್ಲೇ ತಲೆ ಬೆಳ್ಳಗಾಗಿಸಿಕೊಂಡ ನಿವೃತ್ತ ಕಸ್ಟಮ್ಸ್ ಅಧಿಕಾರಿ. ನಿವೃತ್ತಿಯಾದ ಮೇಲೆ ಡಿಕ್ಕಿಗಳು ಸಿಗದೆ, ಹಿತ್ತಿಲ ಓಣಿಯಲ್ಲಿ ಎಲ್ಲರ ತೊಟ್ಟಿಯ ಮುಚ್ಚಳ ಎತ್ತಿ ನೋಡುವ ಅಭ್ಯಾಸ ಮಾಡಿಕೊಂಡಿದ್ದಳು. ಡ್ವೇನ್ ತಲೆ ಓಡಿಸಿದ. ಹಲ್ಡಾ ತಪಾಸಣೆ ಮಾಡದ ತೊಟ್ಟಿ ಇಡೀ ಓಣಿಯಲ್ಲಿ ಒಂದೇ ಒಂದು, ಅದು ಹಲ್ಡಾಳದ್ದು. ತನ್ನ ಬುದ್ಧಿಗೆ ತಾನೇ ತಲೆದೂಗಿ, ಮಳೆಯಲ್ಲಿ ಓಡಿಹೋಗಿ, ಕಣ್ಣುಮುಚ್ಚಿ ಡಬ್ಬಿಯನ್ನು ಅದರೊಳಗೆ ತುರುಕಿ ಬಂದ. ಬರುವಾಗ ಬೇಲಿಯ ಮುಳ್ಳು ಮುಂಗೈ ಗೀರಿತು. ಹಿತ್ತಿಲ ಬಾಗಿಲನ್ನು ಅಷ್ಟೂ ಹೊತ್ತು ಹಾರುಹೊಡೆದೇ ಬಿಟ್ಟಿದ್ದ. ಈ ಬಾಗಿಲಿನ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಡ್ವೇನ್ ಇಟ್ಟುಕೊಳ್ಳಲಿಲ್ಲ.

ಸಂಜೆ ಮೊದಲು ಬಂದವಳು ಫರ್ನ್ ಒಕುಬೊ. ಮಣ್ಣಿನ ಪಾತ್ರೆ ಮಾಡುವವಳು, ಬಳಗಕ್ಕೆ ಹಿರಿಯಳು. ಅವಳು ಮಾಂಸ ಮುಟ್ಟುವವಳಲ್ಲ. ಆದರೆ ಬೇರೆಯವರು ತಿನ್ನುವ ಮಾಂಸದ ಕಥೆ ಕೇಳದೆ ಬಿಡುವವಳೂ ಅಲ್ಲ. ಹಿಂದೆಯೇ ಹಲ್ಡಾ ಬಂದಳು. ಬಾಗಿಲಲ್ಲೇ ನಿಂತು ಎರಡು ಸಲ ಮೂಗೆಳೆದಳು. ಮಾರ್ಲಿಸ್ ಇಬ್ಬರ ಒದ್ದೆ ಮಳೆಯಂಗಿಗಳನ್ನೂ ತೆಗೆದುಕೊಂಡು ಮಲಗುವ ಕೋಣೆಯ ಹಾಸಿಗೆಯ ಮೇಲೆ ಹಾಕಿ ಬಂದಳು.

“ಆಚೆ ಮನೆಯ ಟೋಬಿನ್ ಎಲ್ಲಿ?” ಎಂದಳು ಮಾರ್ಲಿಸ್.

“ತಡವಾಗುತ್ತೆ ಅಂದ,” ಎಂದಳು ಫರ್ನ್. “ಏನೋ ಗಾಬರಿಯಲ್ಲಿದ್ದ. ನಾವು ಶುರುಮಾಡೋಣ.”

ಮಾರ್ಲಿಸ್ ಎದ್ದು ನಿಂತು ಆಲೂಗಡ್ಡೆ, ಸೊಪ್ಪು, ಬೆಣ್ಣೆಗಳ ಪೂರ್ವಾಪರ ಹೇಳಿದಳು. ವಾರವಿಡೀ ಕನ್ನಡಿಯ ಎದುರು ಅಭ್ಯಾಸ ಮಾಡಿದ್ದಳು. ಹಸುವಿನ ಹೆಸರು ಹೇಳುವಾಗ ಧ್ವನಿ ಸ್ವಲ್ಪ ನಡುಗಿತು. ಫರ್ನ್ ತಲೆದೂಗಿ, ಅವಳ ಕೈ ಹಿಡಿದು ಅದುಮಿದಳು. ಮಾರ್ಲಿಸಳ ಮುಖ ಅರಳಿತು. ಇನ್ನು ಉಳಿದದ್ದು ಕೋಳಿ ಮಾತ್ರ.

ಡ್ವೇನ್ ಎದ್ದು ನಿಂತ. “ಈ ಕೋಳಿ ಹೇಗನ್ ತೋಟದ್ದು...”

“ಹೌದಾ?” ಎಂದಳು ಫರ್ನ್. “ನಾನು ಸಂತೆ ಮುಗಿಯೋವರೆಗೂ ಹೇಗನ್ ಹತ್ತಿರಾನೇ ನಿಂತಿದ್ದೆ. ನೀನು ಬರಲೇ ಇಲ್ಲವಲ್ಲ?”

ಹಲ್ಡಾ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡಳು.

“...ತೋಟದ್ದು ಅಂತ ನೀವು ಅಂದುಕೊಂಡಿರಬಹುದು,” ಎಂದ ಡ್ವೇನ್. “ಅಲ್ಲ. ಇದು ಅದಕ್ಕಿಂತ ಹತ್ತಿರದ್ದು.”

“ಅದಕ್ಕಿಂತ ಹತ್ತಿರ? ಎಷ್ಟು ಹತ್ತಿರ?”

“ನಡೆದುಕೊಂಡೇ ಹೋಗಬಹುದು.”

ಫರ್ನಳ ಕಣ್ಣು ಅಗಲವಾಯಿತು. ಬಳಗದ ಚರಿತ್ರೆಯಲ್ಲೇ ಯಾರೂ ನಡೆದುಹೋಗುವಷ್ಟು ಹತ್ತಿರದ ಕೋಳಿಯನ್ನು ಬಡಿಸಿರಲಿಲ್ಲ. “ಅಯ್ಯೋ, ಎಷ್ಟು ಚೆನ್ನಾಗಿದೆ! ಹೇಗಿತ್ತು ಅದು? ನೀನು ಕಂಡಿದ್ದೆಯಾ?”

ಇಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಮಾರ್ಲಿಸ್ ಗಂಡನನ್ನು ಎಂದೂ ನೋಡದಷ್ಟು ಹೆಮ್ಮೆಯಿಂದ ನೋಡುತ್ತಿದ್ದಳು, ಮತ್ತು ಡ್ವೇನ್ ನಾಲಿಗೆಯನ್ನು ಹರಿಯಬಿಟ್ಟ. ಪಾಪ, ಅವನು ಬದುಕಿನಲ್ಲಿ ಹತ್ತಿರದಿಂದ ಕಂಡದ್ದು ಒಂದೇ ಕೋಳಿ. ಬೆಳಿಗ್ಗೆ ಹಲ್ಲುಜ್ಜುವಾಗ ಬಚ್ಚಲ ಕಿಟಕಿಯಿಂದ ಕಾಣುತ್ತಿದ್ದುದು ಅದೇ. ವರ್ಣನೆಗೆ ಅದನ್ನೇ ಹಿಡಿದುಕೊಂಡ.

“ಕಂದು ಬಣ್ಣ. ಕತ್ತಿನ ಹತ್ತಿರ ಬಿಳಿ ಚುಕ್ಕೆ. ಎಡಗಾಲು ಒಂಚೂರು ಕುಂಟು. ಕಲ್ಲಂಗಡಿ ಸಿಪ್ಪೆ ಅಂದ್ರೆ ಪ್ರಾಣ ಬಿಡ್ತಿತ್ತು. ತುಂಬಾ ನಂಬಿಕೆಯ ಜೀವ ರೀ, ಯಾರು ಕರೆದರೂ ಬರ್ತಿತ್ತು.”

“ಕೊನೆಗೆ... ಯಾರು...?” ಫರ್ನ್ ಎದೆಯ ಮೇಲೆ ಕೈಯಿಟ್ಟುಕೊಂಡಳು.

“ನಾನೇ,” ಎಂದ ಡ್ವೇನ್ ಗಂಭೀರವಾಗಿ. “ಕಿವಿಯಲ್ಲಿ ಥ್ಯಾಂಕ್ಸ್ ಹೇಳಿದೆ. ಅದು ನನ್ನ ಮುಖ ನೋಡಿ ಒಪ್ಪಿಕೊಂಡ ಹಾಗಿತ್ತು.”

ಫರ್ನ್ ಕಣ್ಣೊರೆಸಿಕೊಂಡು, ಕೋಳಿಗಾಗಿ ಎಲ್ಲರೂ ಒಂದು ನಿಮಿಷ ಮೌನವಾಗಿರೋಣ ಎಂದಳು. ಮೌನ ನಡೆಯಿತು. ಮೌನದ ನಡುವೆಯೇ ಹಲ್ಡಾ ಒಂದು ಕಾಲನ್ನು ಕಿತ್ತು, ಕಡಿದು, ನಿಧಾನವಾಗಿ ಅಗಿಯುತ್ತ ಡ್ವೇನನನ್ನೇ ನೋಡಿದಳು. ಗಡಿಯಲ್ಲಿ ‘ಗಾಡಿ ಪಕ್ಕಕ್ಕೆ ಹಾಕು’ ಎನ್ನುವ ಮುಂಚಿನ ನೋಟ ಅದು.

ಆಗ ಟೋಬಿನ್ ಆಶ್‌ಕ್ರಾಫ್ಟ್ ಬಂದ. ಆಚೆ ಪಕ್ಕದ ಮನೆಯವನು, ಗಿಟಾರ್ ರಿಪೇರಿ ಮಾಡುವವನು, ಬಹಳ ಮೆತ್ತನೆಯ ಮನುಷ್ಯ. ತೀರಿಹೋದ ತನ್ನ ಅತ್ತೆ, ಚಿಕ್ಕಮ್ಮಂದಿರ ಹೆಸರಿಟ್ಟು ನಾಲ್ಕಾರು ಕೋಳಿ ಸಾಕಿಕೊಂಡಿದ್ದ. ಅಡಿಯಿಂದ ಮುಡಿಯವರೆಗೆ ತೊಯ್ದಿದ್ದ.

“ಕ್ಷಮಿಸಿ, ತಡವಾಯ್ತು. ಓಪಲ್ ಕಾಣ್ತಿಲ್ಲ. ಮಧ್ಯಾಹ್ನದಿಂದ ಹುಡುಕ್ತಿದೀನಿ.”

ಫರ್ನ್ ಕಷ್ಟಪಟ್ಟು ಕೇಳಿದಳು: “ಟೋಬಿನ್, ಓಪಲ್ ಯಾವ ಬಣ್ಣ?”

“ಗೊತ್ತಲ್ಲ, ಕಂದು. ಕತ್ತಲ್ಲಿ ಬಿಳಿ ಚುಕ್ಕೆ.”

“ಮತ್ತೆ... ಕಾಲು?”

“ಎಡಗಾಲು ಕುಂಟು. ಯಾಕೆ? ನೋಡಿದ್ರಾ ಅವಳನ್ನ?”

ಹಲ್ಡಾ ಕೈಯಲ್ಲಿದ್ದ ಕಾಲನ್ನು ದೀಪಕ್ಕೆ ಹಿಡಿದು ತಿರುಗಿಸಿ ನೋಡಿದಳು. “ಪಿಲ್ಕಿ,” ಎಂದಳು, “ಇದು ಎಡದ್ದೋ ಬಲದ್ದೋ?”

ಟೋಬಿನ್ ಮೇಜಿನ ಮೇಲಿದ್ದ ಕೋಳಿಯನ್ನು ನೋಡಿದ. ಡ್ವೇನನನ್ನು ನೋಡಿದ. ಮತ್ತೆ ಕೋಳಿಯನ್ನು ನೋಡಿದ. ಆಮೇಲೆ ಅಲ್ಲೇ ಕುರ್ಚಿಯ ಮೇಲೆ ಕುಸಿದು, ಕರವಸ್ತ್ರ ಸಾಲದೆ ಮೇಜುಬಟ್ಟೆಯ ಅಂಚಿನಲ್ಲಿ ಮುಖ ಮುಚ್ಚಿಕೊಂಡ.

“ಅಲ್ಲ ಅಲ್ಲ! ಇದು ಓಪಲ್ ಅಲ್ಲ!” ಎಂದ ಡ್ವೇನ್.

“ಹಾಗಾದ್ರೆ ಯಾರು?” ಎಂದಳು ಫರ್ನ್. “ನಡೆದು ಹೋಗುವಷ್ಟು ಹತ್ತಿರ ಕೋಳಿ ಸಾಕಿರೋದು ಟೋಬಿನ್ ಒಬ್ಬನೇ. ನಂಬಿಕೆಯ ಜೀವ ಅಂದೆ. ಕರೆದರೆ ಬಂತು ಅಂದೆ. ದೇವರೇ, ನಾನು ಮೌನ ಬೇರೆ ಆಚರಿಸಿದೆ!”

“ಕೈ ತೋರಿಸು,” ಎಂದಳು ಹಲ್ಡಾ.

ಡ್ವೇನ್ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ತಪ್ಪಿಲ್ಲದವನು ಮಾಡಬಾರದ ಕೆಲಸ ಅದೊಂದೇ, ಅದನ್ನೇ ಮಾಡಿದ. ಹಲ್ಡಾ ಎಳೆದು ನೋಡಿದಳು. ಮುಂಗೈ ಮೇಲೆ ಮೂರು ಗೀರು.

“ಮುಳ್ಳು,” ಎಂದ ಡ್ವೇನ್.

“ಉಗುರು,” ಎಂದಳು ಹಲ್ಡಾ. “ಕೊನೆಗಾಲಕ್ಕೆ ಒದ್ದಾಡಿರಬೇಕು ಪಾಪ.”

ಟೋಬಿನ್ ಮೇಜುಬಟ್ಟೆಯೊಳಗಿಂದ ಗೋಳೋ ಎಂದ.

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಟೋಬಿನ್ ಮಧ್ಯಾಹ್ನವೇ ದೂರು ಕೊಟ್ಟಿದ್ದ. ನಗರಸಭೆಯ ಪ್ರಾಣಿ ಅಧಿಕಾರಿ ಪ್ರೂಟ್ ಮನೆಮನೆ ವಿಚಾರಿಸುತ್ತ ಬಂದಿದ್ದ. ದಪ್ಪ ಮನುಷ್ಯ, ಬೆಳಗಿನಿಂದ ಊಟವಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಎಲ್ಲವನ್ನೂ ಕೇಳಿ, ಮೇಜಿನ ಸುತ್ತ ಒಂದು ಪ್ರದಕ್ಷಿಣೆ ಬಂದ.

“ಮೃತದೇಹ ಇದೇನಾ?”

“ಇದು ಊಟ ಸ್ವಾಮಿ!” ಎಂದ ಡ್ವೇನ್.

“ಅದನ್ನ ನಾನು ತೀರ್ಮಾನ ಮಾಡ್ತೀನಿ.” ಪ್ರೂಟ್ ಬಗ್ಗಿ, ಕಣ್ಣುಮುಚ್ಚಿ, ದೀರ್ಘವಾಗಿ ವಾಸನೆ ತೆಗೆದುಕೊಂಡ. ಎದ್ದಾಗ ಅವನ ಮುಖ ಮೃದುವಾಗಿತ್ತು. “ಗುರುತು ಹಿಡಿಯೋದು ಕಷ್ಟ. ಪುಕ್ಕ ಏನಾದ್ರೂ ಉಳಿದಿದ್ಯಾ?”

“ಪುಕ್ಕ ಇಲ್ಲ,” ಎಂದ ಡ್ವೇನ್.

“ಸುಟ್ಟುಹಾಕಿದಾನೆ,” ಎಂದಳು ಹಲ್ಡಾ.

ಆಗ, ಟೋಬಿನ್ ಬಂದಾಗಿನಿಂದ ಮಾತೇ ಆಡದಿದ್ದ ಮಾರ್ಲಿಸ್ ಎದ್ದಳು. “ಡ್ವೇನ್, ನಾನು ಸ್ನಾನ ಮಾಡಿ ಬಂದಾಗ ನಿನ್ನ ಬೂಟು ಒದ್ದೆಯಾಗಿತ್ತು. ಅಡುಗೆ ಮಾಡ್ತೀನಿ ಅಂದವನು ಮಳೆಯಲ್ಲಿ ಎಲ್ಲಿಗೆ ಹೋಗಿದ್ದೆ? ನನ್ನ ಮುಖ ನೋಡಿ ಹೇಳು.”

ಡ್ವೇನ್ ನೋಡಿದ. ಅವಳ ಕಣ್ಣಲ್ಲಿ ಕಿಟಕಿಯ ಬಳಿ ಕೂತ ದಿನದ ನೀರೇ ಮತ್ತೆ ತುಂಬಿತ್ತು. ಅವನಿಂದ ತಡೆಯಲಾಗಲಿಲ್ಲ.

“ಸೂಪರ್ ಮಾರ್ಕೆಟ್ಟಿಂದು,” ಎಂದ. “ನಿದ್ದೆ ಬಂದುಬಿಡ್ತು ಮಾರ್ಲಿಸ್, ಸಂತೆ ತಪ್ಪಿಹೋಯ್ತು. ಅಲ್ಲಿ ಗರಗರ ತಿರುಗ್ತಾ ಇರ್ತವಲ್ಲ, ಅದು. ಬೇಯಿಸಿದ್ದೇ ತಂದೆ.”

ಕೊಲೆಯ ಸುದ್ದಿಗೂ ಅಷ್ಟು ದೊಡ್ಡ ಮೌನ ಆವರಿಸಿರಲಿಲ್ಲ. ಕೊನೆಗೆ ಫರ್ನ್ ಎದ್ದು, ಅವನ ಭುಜದ ಮೇಲೆ ಕೈಯಿಟ್ಟಳು. “ಡ್ವೇನ್, ಗಾಬರಿಯಲ್ಲಿ ಇಲ್ಲದ್ದೆಲ್ಲ ಒಪ್ಪಿಕೊಳ್ಳಬೇಡ. ನೀನು ಆ ಮಟ್ಟಕ್ಕೆ ಇಳಿಯೋ ಮನುಷ್ಯ ಅಲ್ಲ.”

“ಇಳಿದಿದೀನಿ!” ಎಂದು ಕೂಗಿದ ಡ್ವೇನ್. “ಡಬ್ಬಿ ಇದೆ, ತೋರಿಸ್ತೀನಿ! ಹಲ್ಡಾ ಅವರ ತೊಟ್ಟಿಯಲ್ಲಿ ಹಾಕಿದೀನಿ!”

ಹಲ್ಡಾಳ ಕೈಯಿಂದ ಕೋಳಿಯ ಕಾಲು ಜಾರಿ ತಟ್ಟೆಗೆ ಬಿತ್ತು.

“ಬೇಕಾಗಿಲ್ಲ,” ಎಂದಳು ಅವಳು. “ನಾನು ಇವನನ್ನ ನಂಬ್ತೀನಿ.”

ಎಲ್ಲರೂ ಅವಳತ್ತ ತಿರುಗಿದರು. ಹಲ್ಡಾ ಥಾರ್ಸನ್ ಒಬ್ಬರನ್ನು ನಂಬಿದ್ದು ಯಾರಿಗೂ ನೆನಪಿರಲಿಲ್ಲ. ಮದುವೆಯ ದಿನ ಪಾದ್ರಿಯನ್ನೇ ಗುರುತಿನ ಚೀಟಿ ಕೇಳಿದ್ದಳು ಎಂದು ಓಣಿಯಲ್ಲಿ ಮಾತಿತ್ತು.

“ಸಾಕ್ಷಿ ಬೇಕಮ್ಮ,” ಎಂದ ಪ್ರೂಟ್. “ಹೋಗಿ ನೋಡೋಣ.”

“ಮಳೆಯಲ್ಲಿ ನೀವ್ಯಾಕೆ? ನನ್ನ ತೊಟ್ಟಿ, ನನ್ನ ತಪಾಸಣೆ. ನಡಿ ಪಿಲ್ಕಿ.” ಮಳೆಯಂಗಿಯನ್ನೂ ಕೇಳದೆ, ಗೂಟದಲ್ಲಿದ್ದ ಡ್ವೇನನ ಕೊಡೆಯನ್ನೂ ಅವನ ತೋಳನ್ನೂ ಹಿಡಿದು ಎಳೆದುಕೊಂಡು ನಡೆದಳು. ಮಾರ್ಲಿಸ್ ಅವರು ಹೋದ ದಿಕ್ಕನ್ನೇ ನೋಡಿದಳು.

ಓಣಿಯಲ್ಲಿ ಹಲ್ಡಾ ಟಾರ್ಚು ಬಿಟ್ಟಳು. ಡ್ವೇನ್ ಮುಚ್ಚಳ ಎತ್ತಿದ. ಮೇಲೆ ಅವನ ಡಬ್ಬಿ ಇತ್ತು. ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೊಂದು. ಗುಮ್ಮಟಗಳು ಒಂದರೊಳಗೊಂದು ಅಚ್ಚುಕಟ್ಟಾಗಿ, ತೊಳೆದು ಒರೆಸಿ, ತೊಟ್ಟಿಯ ತಳದವರೆಗೂ ಕೂತಿದ್ದವು.

ಮಳೆ ಸುರಿಯಿತು. ಡ್ವೇನ್ ಹಲ್ಡಾಳನ್ನು ನೋಡಿದ. ಬದುಕಿಡೀ ಬೇರೆಯವರ ಡಿಕ್ಕಿ ತೆಗೆಸಿದವಳು, ತನ್ನ ಡಿಕ್ಕಿ ತೆರೆದುಕೊಂಡಾಗ ಎಲ್ಲಿ ನೋಡಬೇಕೆಂದು ತಿಳಿಯದೆ ಟಾರ್ಚನ್ನು ಆರಿಸಿದಳು.

“ಶುಕ್ರವಾರ ಶುಕ್ರವಾರ,” ಎಂದಳು ಮೆಲ್ಲಗೆ. “ಒಬ್ಬಳೇ ಇರ್ತೀನಿ. ಒಬ್ಬಳಿಗೆ ಅಂತ ಯಾರು ಕೋಳಿ ಸುಡ್ತಾರೆ?”

“ಬಾಗಿಲಲ್ಲೇ ವಾಸನೆಯಿಂದ ನಿಮಗೆ ಗೊತ್ತಾಗಿತ್ತು!”

“ಅನುಮಾನ ಬಂತು. ಒಂದು ತುತ್ತು ತಿಂದೆ, ಖಾತ್ರಿಯಾಯ್ತು. ಆದರೆ ಹೇಗೆ ಗೊತ್ತಾಯ್ತು ಅಂತ ಅವರು ಕೇಳಿದ್ರೆ? ಕೊಲೆ ಅಂತ ಹೇಳೋದೇ ಸುಲಭ ಆಯ್ತು.” ಅವಳು ಅವನ ತೋಳು ಬಿಡಲಿಲ್ಲ. “ಪಿಲ್ಕಿ, ನಿನಗೇನು ಬೇಕು?”

ಡ್ವೇನ್ ತಕ್ಷಣ ಹೇಳಿದ. “ಮಾರ್ಲಿಸಳನ್ನ ಬಳಗಕ್ಕೆ ಸೇರಿಸಿಕೊಳ್ಳಿ. ನನ್ನನ್ನ ಬೇಕಾದ್ರೆ ನೇಣಿಗೆ ಹಾಕಿ.”

ಇಬ್ಬರೂ ಒಳಗೆ ಬಂದರು. ಹಲ್ಡಾ ಒಂದೇ ಒಂದು ಗುಮ್ಮಟವನ್ನು ಎತ್ತಿ ಹಿಡಿದಳು. “ಸೂಪರ್ ಮಾರ್ಕೆಟ್ಟಿಂದೇ. ನಾನು ಕಣ್ಣಾರೆ ನೋಡಿದೆ.”

ಟೋಬಿನ್ ಮೇಜುಬಟ್ಟೆಯಿಂದ ತಲೆಯೆತ್ತಿದ. “ಸೂಪರ್ ಮಾರ್ಕೆಟ್ಟಿಂದಾ? ನಿಜವಾಗ್ಲೂ? ಓ ದೇವರೇ, ನೀನು ದೊಡ್ಡವನು!” ಎಂದು ಓಡಿಬಂದು ಡ್ವೇನನನ್ನು ತಬ್ಬಿಕೊಂಡ. ಕಾರ್ಖಾನೆಯ ಕೋಳಿಯ ಸುದ್ದಿ ಕೇಳಿ ಆ ಬಳಗದಲ್ಲಿ ಯಾರಾದರೂ ಆನಂದಬಾಷ್ಪ ಸುರಿಸಿದ್ದು ಅದೇ ಮೊದಲು. ಪ್ರೂಟ್ ಪ್ರಕರಣ ಮುಕ್ತಾಯವಾಯಿತೆಂದು ಸಾರಿ, ಸಾಕ್ಷ್ಯ ಪರಿಶೀಲನೆಗೆಂದು ಎದೆಯ ಭಾಗವನ್ನು ಪೂರ್ತಿಯಾಗಿ ಪರಿಶೀಲಿಸಿ, ಬೆರಳು ನೆಕ್ಕುತ್ತ ಹೋದ.

ಫರ್ನ್ ಮಾತ್ರ ನಗಲಿಲ್ಲ. ಅವಳು ತನ್ನ ಮಳೆಯಂಗಿ ಬೇಕೆಂದಳು. ಮಾರ್ಲಿಸ್ ತಲೆತಗ್ಗಿಸಿ ಮಲಗುವ ಕೋಣೆಗೆ ಹೋದವಳು ಅಲ್ಲಿಂದಲೇ ಚೀರಿದಳು. ಎಲ್ಲರೂ ಓಡಿದರು. ಹಾಸಿಗೆಯ ಮೇಲೆ, ಮಳೆಯಂಗಿಗಳ ರಾಶಿಯ ನಡುವೆ, ಕಂದು ಬಣ್ಣದ, ಕತ್ತಿನಲ್ಲಿ ಬಿಳಿ ಚುಕ್ಕೆಯ ಕೋಳಿಯೊಂದು ಮನೆಯೊಡತಿಯಂತೆ ಕೂತು, ಇವರನ್ನೇ ಅನುಮಾನದಿಂದ ನೋಡುತ್ತಿತ್ತು. ತೆರೆದ ಹಿತ್ತಿಲ ಬಾಗಿಲಿನಿಂದ ಮಳೆಗೆ ಒಳಗೆ ಬಂದದ್ದು, ಮೊದಲು ಮಂಚದಡಿ ಅಡಗಿ, ಆಮೇಲೆ ಹಾಸಿಗೆ ಮಾರುವವನ ಮನೆಯ ಹಾಸಿಗೆಯನ್ನು ಮೆಚ್ಚಿಕೊಂಡು ಅಲ್ಲೇ ಉಳಿದಿತ್ತು. ಟೋಬಿನ್ ಎತ್ತಿಕೊಂಡಾಗ, ಹಲ್ಡಾಳ ಮಳೆಯಂಗಿಯ ಟೋಪಿಯೊಳಗೆ ಬೆಚ್ಚಗಿನ ಒಂದು ಮೊಟ್ಟೆ ಕಂಡಿತು.

ಹಲ್ಡಾ ಅದನ್ನೆತ್ತಿ ಮಾರ್ಲಿಸಳ ಅಂಗೈಯಲ್ಲಿಟ್ಟು, ಫರ್ನಳ ಕಡೆ ತಿರುಗಿದಳು. “ಗಂಡ ಸುಳ್ಳುಬುರುಕ. ಅದಕ್ಕೆ ಇವಳೇನು ಮಾಡ್ತಾಳೆ? ಇವಳ ಆಲೂಗಡ್ಡೆ ನಿಜ, ಹಸು ನಿಜ. ಮೊಟ್ಟೆಯಂತೂ ಮನೆಯೊಳಗೇ ಇಟ್ಟದ್ದು. ಇದಕ್ಕಿಂತ ಹತ್ತಿರದ್ದನ್ನ ನೀನು ಎಲ್ಲಿಂದ ತರ್ತೀಯ?”

ಫರ್ನ್ ಬಹಳ ಹೊತ್ತು ಮೊಟ್ಟೆಯನ್ನು ನೋಡಿದಳು. ಆಮೇಲೆ, “ಮಂಗಳವಾರ ನನ್ನ ಮನೆಗೆ ಬಾ ಮಾರ್ಲಿಸ್,” ಎಂದಳು. “ಚಕ್ರದ ಮೇಲೆ ಮಡಕೆ ಮಾಡೋದು ಕಲಿಸ್ತೀನಿ.”

ಈಗ ಮಾರ್ಲಿಸಳಿಗೆ ಗೆಳತಿಯರಿದ್ದಾರೆ. ಮಂಗಳವಾರ ಕೈತುಂಬ ಮಣ್ಣು ಮಾಡಿಕೊಂಡು ಬರುತ್ತಾಳೆ. ಫೋನಿನಲ್ಲಿ ಬಿದ್ದು ಬಿದ್ದು ನಗುತ್ತಾಳೆ. ಆ ನಗು ಕೇಳಿದಾಗ ಡ್ವೇನನಿಗೆ ಹೊಟ್ಟೆ ತುಂಬಿದಂತಾಗುತ್ತದೆ. ಆದರೆ ಶನಿವಾರ ಬೆಳಿಗ್ಗೆ ಅವನ ತೊಟ್ಟಿಯಲ್ಲಿ, ತೊಳೆದು ಒರೆಸಿದ ಒಂದು ಗುಮ್ಮಟ ತಪ್ಪದೆ ಕಾಣಿಸಿಕೊಳ್ಳುತ್ತದೆ. ಹೇಗೂ ಮಾನ ಹೋಗಿರುವ ತೊಟ್ಟಿ ಇಡೀ ಓಣಿಯಲ್ಲಿ ಅದೊಂದೇ ಎಂಬುದು ಹಲ್ಡಾಳ ಲೆಕ್ಕಾಚಾರ. ಸ್ವಲ್ಪ ಹೊತ್ತಿಗೆ ಅವಳೇ ಬಂದು, ಮುಚ್ಚಳ ಎತ್ತಿ, ಓಣಿಗೆಲ್ಲ ಕೇಳುವಂತೆ ಕೂಗುತ್ತಾಳೆ: “ಪಿಲ್ಕಿ! ಮತ್ತೆ ತಿಂದ್ಯಾ? ನಾಚಿಕೆ ಆಗಲ್ವಾ ನಿನಗೆ?”

“ತಪ್ಪಾಯ್ತು ಹಲ್ಡಾ,” ಎನ್ನುತ್ತಾನೆ ಡ್ವೇನ್ ತಲೆತಗ್ಗಿಸಿ.

ಮೊನ್ನೆ ಮಾರ್ಲಿಸ್ ಆ ಗುಮ್ಮಟವನ್ನು ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆಗೆ ಬಂದಳು. ಬಾಗಿಲು ಹಾಕಿದಳು. ಕಿಟಕಿಯ ಪರದೆ ಎಳೆದಳು. ಡ್ವೇನ್ ಎದ್ದು ನಿಂತ. ಹೇಳಿಬಿಡಲೇ ಎಂದು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅವಳ ಫೋನು ಗುಣುಗುಟ್ಟಿತು, ಫರ್ನ್ ಕರೆಯುತ್ತಿದ್ದಳು. ಡ್ವೇನ್ ಬಾಯಿ ಮುಚ್ಚಿಕೊಂಡ.

“ನಿಜ ಹೇಳು,” ಎಂದಳು ಮಾರ್ಲಿಸ್. “ವಾರ ವಾರ ಇಡೀ ಕೋಳಿ ನೀನೊಬ್ಬನೇ ತಿಂತಿದೀಯಾ?”

“ಹ್ಞೂಂ,” ಎಂದ ಡ್ವೇನ್. “ನಾನೊಬ್ಬನೇ.”

ಮಾರ್ಲಿಸ್ ಗುಮ್ಮಟವನ್ನು ಮೂಗಿನ ಹತ್ತಿರ ಹಿಡಿದು, ಕಣ್ಣುಮುಚ್ಚಿ, ಉಸಿರೆಳೆದುಕೊಂಡಳು.

“ಸ್ವಾರ್ಥಿ,” ಎಂದಳು. “ನನಗೆ ಒಂದು ಕಾಲಾದರೂ ಉಳಿಸಬಾರದಿತ್ತಾ?”